ಜೇಕಬಾಬಾದ್‌ನ ಜೇಕಬ್: ಕೋಟೆ ಬೇಡ ಅಂದ ಗಡಿ ಅಧಿಕಾರಿ

ನಕಾಶೆ_ಹುಚ್ಚ:
ಪ್ರತಿ ಬೇಸಿಗೆಯಲ್ಲೂ ಒಂದು ಊರಿನ ಹೆಸರು ಸುದ್ದಿಗೆ ಬರುತ್ತದೆ. ಪಾಕಿಸ್ತಾನದ ಸಿಂಧ್‌ನಲ್ಲಿರುವ ಜೇಕಬಾಬಾದ್. 2022ರ ಮೇ ತಿಂಗಳಲ್ಲಿ ಅಲ್ಲಿ 51 ಡಿಗ್ರಿ ಮುಟ್ಟಿತ್ತು. ರಾಯಚೂರಿನವರೂ ಕೈ ಮುಗಿಯಬೇಕಾದ ಬಿಸಿಲು. ನನಗೆ ಮಾತ್ರ ಬಿಸಿಲಿಗಿಂತ ಹೆಸರು ಕಾಡಿತು. ಲಯಾಲ್‌ಪುರ ಫೈಸಲಾಬಾದ್ ಆಯಿತು. ಮಾಂಟ್‌ಗೊಮೆರಿ ಸಾಹಿವಾಲ್ ಆಯಿತು. ಕ್ಯಾಂಪ್‌ಬೆಲ್‌ಪುರ ಅಟಕ್ ಆಯಿತು. ಫೋರ್ಟ್ ಸ್ಯಾಂಡಮನ್ ಝೋಬ್ ಆಯಿತು. ಈ ಜೇಕಬ್ ಹೇಗೆ ಉಳಿದುಕೊಂಡ?

ಹುಡುಕುತ್ತಾ ಹೋದೆ. ಎರಡು ತಿಂಗಳು ಅದರಲ್ಲೇ ಮುಳುಗಿದೆ, ಮನೆಯಲ್ಲಿ ಬೈಸಿಕೊಂಡೆ. ಓದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಜಾನ್ ಜೇಕಬ್ ಹುಟ್ಟಿದ್ದು 1812ರ ಜನವರಿ 11ರಂದು, ಇಂಗ್ಲೆಂಡಿನ ಸಾಮರ್ಸೆಟ್‌ನ ವೂಲವಿಂಗ್ಟನ್ ಎಂಬ ಹಳ್ಳಿಯಲ್ಲಿ. ಅಪ್ಪ ಪಾದ್ರಿ. ಆಡಿಸ್ಕಂಬ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಶಾಲೆಯಲ್ಲಿ ಕಲಿತ. ಸರಿಯಾಗಿ 16 ತುಂಬಿದ ದಿನ ಬಾಂಬೆ ಆರ್ಟಿಲರಿಗೆ ನೇಮಕವಾಯಿತು. ಅದೇ ವರ್ಷ ಹಡಗು ಹತ್ತಿದವನು ಮತ್ತೆ ಒಮ್ಮೆಯೂ ಊರಿಗೆ ಹೋಗಲಿಲ್ಲ. ಮದುವೆಯೂ ಆಗಲಿಲ್ಲ. 1858ರ ಡಿಸೆಂಬರ್‌ನಲ್ಲಿ ಜೇಕಬಾಬಾದ್‌ನಲ್ಲೇ ತೀರಿಕೊಂಡ. ಆಗ 46 ವರ್ಷ.

ಮೊದಲ ಹತ್ತು ವರ್ಷದಲ್ಲಿ ಹೇಳುವಂಥದ್ದೇನಿಲ್ಲ. ಮೊದಲ ಆಫ್ಘನ್ ಯುದ್ಧದ ಹೊತ್ತಿಗೆ ಸಿಂಧ್‌ಗೆ ಬಂದ. 1839ರಲ್ಲಿ ಮೇಜರ್ ಬಿಲ್ಲಮೋರ್ ಎಂಬವನ ಜೊತೆ ಮರ್ರಿ, ಬುಗ್ತಿ ಬೆಟ್ಟಗಳಿಗೆ ಫಿರಂಗಿ ಎಳೆದುಕೊಂಡು ಹೋದ. ಬಲೂಚಿ ಬುಡಕಟ್ಟುಗಳ ಪರಿಚಯವಾದದ್ದು ಅಲ್ಲಿ. ಅವನ ಕೆಲಸ ಸಿಂಧ್‌ನಲ್ಲಿದ್ದ ಕಂಪನಿಯ ರಾಜಕೀಯ ಅಧಿಕಾರಿ ಜೇಮ್ಸ್ ಔಟ್ರಮ್ ಕಣ್ಣಿಗೆ ಬಿತ್ತು. ಸಿಂಧ್ ಇರ್‍ರೆಗ್ಯುಲರ್ ಹಾರ್ಸ್ ಎಂಬ ಕುದುರೆಪಡೆಯನ್ನು ಅವನ ಕೈಗೆ ಕೊಡಿಸಿದ. ಅಲ್ಲಿಂದ ಮುಂದೆ ಅವನು ಮತ್ತು ಆ ಪಡೆ ಬೇರೆ ಬೇರೆ ಅಲ್ಲ.

1847ರ ಜನವರಿಯಲ್ಲಿ ಮೇಲ್ಸಿಂಧ್ ಗಡಿಯ ಹೊಣೆ ಬಂತು. ಠಾಣೆ ಇದ್ದದ್ದು ಖಾನ್‌ಗಢ. ಹೆಸರು ದೊಡ್ಡದು, ಊರು ಚಿಕ್ಕದು. ಒಂದು ಮಣ್ಣಿನ ಕೋಟೆ, ನಾಲ್ಕು ಗುಡಿಸಲು, ಸುತ್ತ ಬರಡು. 1851ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಆ ಊರಿಗೆ ಜೇಕಬಾಬಾದ್ ಅಂತ ಹೆಸರಿಟ್ಟ. ಮಧ್ಯದ ನಾಲ್ಕು ವರ್ಷದಲ್ಲಿ ಆದದ್ದೇ ನಿಜವಾದ ಕಥೆ. ಊಟ ಮಾಡಿ ಬಂದು ಬರೆಯುತ್ತೇನೆ.

ಕಾಫಿ_ಪುಡಿ:
ಗುರು, ಸಸ್ಪೆನ್ಸ್ ಇಟ್ಟು ಊಟಕ್ಕೆ ಹೋಗೋದಾ? ಏನ್ ಸಾರು?

ನಕಾಶೆ_ಹುಚ್ಚ:
ಬಸ್ಸಾರು. ಈಗ ಕಥೆ.

ಜೇಕಬ್ ಬರುವ ಮೊದಲು ಗಡಿ ಕಾಯುವ ರೀತಿ ಹೀಗಿತ್ತು. ಗಡಿಯುದ್ದಕ್ಕೂ ಚಿಕ್ಕ ಚಿಕ್ಕ ಕೋಟೆಗಳು, ಒಳಗೆ ಸಿಪಾಯಿಗಳು. ಸಂಜೆಯಾದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೆಟ್ಟದಿಂದ ಇಳಿದ ಬುಗ್ತಿಗಳು ಕೋಟೆಗಳ ನಡುವೆ ನುಗ್ಗಿ, ದನ ಹೊಡೆದುಕೊಂಡು ಹೋಗುತ್ತಿದ್ದರು. 1846ರ ಡಿಸೆಂಬರ್‌ನಲ್ಲಿ ಸುಮಾರು 1,500 ಬುಗ್ತಿಗಳು ಶಿಕಾರ್‌ಪುರದ ಹತ್ತಿರದವರೆಗೂ ಬಂದು, ಇಡೀ ಒಂದು ದಿನ ಸಿಂಧ್ ಒಳಗೇ ಇದ್ದು, ಸಾವಿರಾರು ದನ ಅಟ್ಟಿಕೊಂಡು ಆರಾಮಾಗಿ ವಾಪಸ್ ಹೋದರು. ಕೋಟೆಯೊಳಗಿದ್ದವರು ನೋಡುತ್ತಾ ಕೂತಿದ್ದರು.

(ಶಿಕಾರ್‌ಪುರ ಅಂದರೆ ಸಿಂಧ್‌ನದು. ನಮ್ಮ ಶಿವಮೊಗ್ಗದ ಶಿಕಾರಿಪುರ ಅಲ್ಲ. ಯಾರಾದರೂ ಕೇಳುತ್ತಾರೆ ಅಂತ ಮೊದಲೇ ಹೇಳಿದೆ.)

ಜೇಕಬ್ ಬಂದವನೇ ಕೋಟೆಗಳಿಂದ ಜನರನ್ನು ಹೊರಗೆ ಹಾಕಿದ. ಸವಾರರು ಬಯಲಲ್ಲಿ ತಂಗಬೇಕು. ಸುತ್ತ ಗೋಡೆ ಇಲ್ಲ, ಕಂದಕ ಇಲ್ಲ. ಹಗಲು ರಾತ್ರಿ ಗಸ್ತು. ಅವನ ಲೆಕ್ಕ ಸರಳವಾಗಿತ್ತು. ಗೋಡೆ ಹಿಂದೆ ಅಡಗಿದವನನ್ನು ನೋಡಿ ದರೋಡೆಕೋರನಿಗೆ ಧೈರ್ಯ ಬರುತ್ತದೆ. ಬಯಲಲ್ಲಿ ಮಲಗಿದವನನ್ನು ನೋಡಿದರೆ ಅನುಮಾನ ಬರುತ್ತದೆ.

ಎರಡನೆಯದು ನನಗೆ ಇನ್ನೂ ಆಶ್ಚರ್ಯ ತಂದದ್ದು. ಆಯುಧ ಹಿಡಿದು ಓಡಾಡುವುದನ್ನು ಅವನು ಬೆಟ್ಟದವರಿಗೆ ಮಾತ್ರವಲ್ಲ, ತನ್ನ ಕಡೆಯ ಹಳ್ಳಿಯವರಿಗೂ ನಿಷೇಧಿಸಿದ. ವಿಚಾರಿಸಿದಾಗ ಗೊತ್ತಾಗಿತ್ತು, ದರೋಡೆ ಆಚೆಯಿಂದ ಈಚೆಗೆ ಮಾತ್ರ ಆಗುತ್ತಿರಲಿಲ್ಲ. ಬ್ರಿಟಿಷ್ ಜಾಗದಲ್ಲಿ ನೆಲೆ ಕೊಟ್ಟಿದ್ದ ಜಖ್ರಾಣಿ, ಡೋಂಬ್ಕಿ ಬುಡಕಟ್ಟಿನವರೂ ಆಚೆ ಹೋಗಿ ಕದ್ದು ಬರುತ್ತಿದ್ದರು. ಅವರ ಕೈಯಿಂದ ಕತ್ತಿ ಕಿತ್ತು ಕಾಲುವೆ ತೋಡುವ ಕೆಲಸಕ್ಕೆ ಹಚ್ಚಿದ.

ಮೂರನೆಯದು ಸೇಡಿನ ಕೊಲೆ. 'ನಮ್ಮಪ್ಪನನ್ನು ಅವರಪ್ಪ ಕೊಂದಿದ್ದ, ಅದಕ್ಕೆ ಕೊಂದೆ' ಅಂದರೆ ಬೇರೆ ಅಧಿಕಾರಿಗಳು ಶಿಕ್ಷೆ ಕಡಿಮೆ ಮಾಡುತ್ತಿದ್ದರು, ಅದು ಅವರ ಪದ್ಧತಿ ಅಂತ. ಜೇಕಬ್ ತಿರುಗಿಸಿಬಿಟ್ಟ. ಹಳೇ ಸೇಡು ಅಂದರೆ ಮೊದಲೇ ಯೋಚಿಸಿ ಮಾಡಿದ ಕೊಲೆ ಅಂತಾಯಿತು, ಹಾಗಾದರೆ ತಪ್ಪು ಇನ್ನೂ ದೊಡ್ಡದು ಅಂದ.

ಮೂಡಬಿದ್ರೆ_ಮಳೆ:
ಒಳ್ಳೆದುಂಟು ಮಾರಾಯ್ರೇ, ಆದರೆ ಒಂದು ಕೇಳ್ತೇನೆ. ಇದೆಲ್ಲ ಯಾರು ಬರೆದದ್ದು? ಅವನದೇ ವರದಿ, ಅವನದೇ ಗೆಳೆಯರ ಹೊಗಳಿಕೆ. 'ನಾನು ಬಂದೆ, ಕತ್ತಿ ಕಸಿದೆ, ಕಾಲುವೆ ತೋಡಿಸಿದೆ, ಎಲ್ಲ ಸುಖ' ಅಂತ. ಬುಗ್ತಿಗಳು ಬರೆದ ಕಾಗದ ಏನಾದರೂ ಉಂಟಾ? ಕೋಟೆ ಬಿಟ್ಟು ಬಯಲಲ್ಲಿ ಕೂತ ಕೂಡಲೇ ಅವರು ಹೆದರಿ ಸುಮ್ಮನಾದರಾ? ಮಧ್ಯದಲ್ಲಿ ಏನೋ ಬಿಟ್ಟಿದ್ದೀರಿ.

ನಕಾಶೆ_ಹುಚ್ಚ:
ಸಿಕ್ಕಿಬಿದ್ದೆ. ಬಿಟ್ಟಿದ್ದೆ, ನಿಜ. ಅದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ.

1847ರ ಅಕ್ಟೋಬರ್ 1. ಸುಮಾರು 700 ಬುಗ್ತಿಗಳು ಬಯಲಿಗಿಳಿದಿದ್ದರು, ಹೆಚ್ಚಿನವರು ಕಾಲ್ನಡೆ. ಜೇಕಬ್‌ನ ಕಿರಿಯ ಅಧಿಕಾರಿ ಲೆಫ್ಟಿನೆಂಟ್ ವಿಲಿಯಂ ಮೆರೆವೆದರ್ 133 ಸವಾರರ ಜೊತೆ ಅವರನ್ನು ಹಿಡಿದ. ಬಯಲು, ಓಡಲು ಜಾಗವಿಲ್ಲ. ಬುಗ್ತಿಗಳು ಒಂದೇ ಗುಂಪಾಗಿ ನಿಂತು ಹೋರಾಡಿದರು. 500ಕ್ಕೂ ಹೆಚ್ಚು ಜನ ಸತ್ತರು, ಸುಮಾರು 120 ಜನ ಸೆರೆಯಾದರು. ಒಂದು ಬುಡಕಟ್ಟಿನ ದುಡಿಯುವ ಗಂಡಸರಲ್ಲಿ ಎಷ್ಟೋ ಪಾಲು ಒಂದು ಬೆಳಗ್ಗೆಯಲ್ಲಿ ಹೋಯಿತು. ಕರಾಚಿಯಲ್ಲಿರುವ ಮೆರೆವೆದರ್ ಟವರ್ ಇದೇ ಮನುಷ್ಯನ ಹೆಸರಿನದು. ಮುಂದೆ ಸಿಂಧ್ ಕಮಿಷನರ್ ಆದ.

ಹಾಗಾಗಿ ನೀವು ಹೇಳಿದ್ದು ಸರಿ. 'ಶಾಂತಿ' ಬಂದದ್ದು ಬಯಲಲ್ಲಿ ಮಲಗಿದ್ದಕ್ಕೆ ಮಾತ್ರ ಅಲ್ಲ. ಮೊದಲು ಈ ಪೆಟ್ಟು, ಆಮೇಲೆ ಕಾಲುವೆ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಎರಡು ಸಾಲು ಕೊಟ್ಟು ಮುಂದೆ ಓಡುತ್ತವೆ. ನಾನೂ ಅದನ್ನೇ ಮಾಡಿದ್ದೆ.

ಮೂಡಬಿದ್ರೆ_ಮಳೆ:
ಒಪ್ಪಿಕೊಂಡಿರಲ್ಲ, ಸಂತೋಷ. ನೂರೈವತ್ತು ವರ್ಷದ ನಂತರ, 2006ರ ಆಗಸ್ಟ್‌ನಲ್ಲಿ, ಬುಗ್ತಿಗಳ ಸರದಾರ ಅಕ್ಬರ್ ಬುಗ್ತಿ ಪಾಕಿಸ್ತಾನಿ ಸೇನೆಯ ಕಾರ್ಯಾಚರಣೆಯಲ್ಲಿ ಸತ್ತದ್ದೂ ಆ ಕಡೆಯ ಬೆಟ್ಟಗಳಲ್ಲೇ. ಗಡಿ 'ಶಾಂತ' ಆಯಿತು ಅನ್ನುವ ಮಾತನ್ನು ನಾನು ಅಷ್ಟು ಬೇಗ ನಂಬುವುದಿಲ್ಲ.

ಮಾಜಿ_ಸವಾರ:
ನಾನು ಆರ್ಮರ್ಡ್ ಕೋರ್‌ನಲ್ಲಿ 24 ವರ್ಷ ಇದ್ದವನು. ಜೇಕಬ್‌ನ ಈ ಕುದುರೆಪಡೆ ಇನ್ನೂ ಬದುಕಿದೆ, ಅದೂ ನಮ್ಮ ಕಡೆ. 1921ರಲ್ಲಿ 35ನೇ ಸಿಂಧ್ ಹಾರ್ಸ್ ಮತ್ತು 36ನೇ ಜೇಕಬ್ಸ್ ಹಾರ್ಸ್ ಸೇರಿ ಒಂದಾದವು. 1938ರಲ್ಲಿ ಕುದುರೆ ಬಿಟ್ಟು ಯಂತ್ರಕ್ಕೆ ಬಂದ ಮೊದಲ ಭಾರತೀಯ ರೆಜಿಮೆಂಟ್‌ಗಳಲ್ಲಿ ಅದೂ ಒಂದು. 1947ರಲ್ಲಿ ಭಾರತದ ಪಾಲಿಗೆ ಬಂತು. ಈಗಲೂ ಸಿಂಧ್ ಹಾರ್ಸ್ ಅಂತಲೇ ಹೆಸರು, ಟ್ಯಾಂಕ್ ರೆಜಿಮೆಂಟ್. ಊರು ಅಲ್ಲಿ ಉಳಿಯಿತು, ಪಡೆ ಇಲ್ಲಿಗೆ ಬಂತು.

ಇನ್ನೊಂದು ಹೇಳಿಬಿಡುತ್ತೇನೆ. 1918ರಲ್ಲಿ ಪ್ಯಾಲೆಸ್ತೀನ್‌ನಲ್ಲಿ ಜೇಕಬ್ಸ್ ಹಾರ್ಸ್ ಇತ್ತು. ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು, ಸೆಪ್ಟೆಂಬರ್ 23ರ ಹೈಫಾ ಯುದ್ಧ ಯಾರಿಗೆ ಗೊತ್ತಿಲ್ಲ? ಡಿವಿಷನ್ ಬೇರೆ, ಆದರೆ ಎರಡೂ ಒಂದೇ ಡೆಸರ್ಟ್ ಮೌಂಟೆಡ್ ಕೋರ್‌ನಲ್ಲಿದ್ದವು.

ನಕಾಶೆಯವರೇ, ಕುದುರೆ ಯಾರದಾಗಿತ್ತು ಅನ್ನೋದನ್ನ ನೀವು ಹೇಳಲೇ ಇಲ್ಲ. ಅದೇ ಮುಖ್ಯ.

ನಕಾಶೆ_ಹುಚ್ಚ:
ಸರ್, ನೀವೇ ಹೇಳಿ. ನನಗೆ ಓದಿದ್ದಷ್ಟೇ ಗೊತ್ತು.

ಮಾಜಿ_ಸವಾರ:
ಸಿಲ್ಲೇದಾರ್ ಪದ್ಧತಿ. ಸರ್ಕಾರ ಸವಾರನಿಗೆ ಕುದುರೆ ಕೊಡುವುದಿಲ್ಲ. ಕುದುರೆ, ಜೀನು, ಬಟ್ಟೆ, ಕತ್ತಿ ಎಲ್ಲ ಅವನೇ ತರಬೇಕು. ಮೇವು ಅವನದೇ. ಬದಲಿಗೆ ಸಂಬಳ ಜಾಸ್ತಿ. ಸಿಂಧ್ ಹಾರ್ಸ್‌ನಲ್ಲಿ ತಿಂಗಳಿಗೆ 30 ರೂಪಾಯಿ, ಬಂಗಾಳದ ಕಡೆ ಇಂಥ ಪಡೆಗಳಲ್ಲಿ 20. ಹತ್ತು ರೂಪಾಯಿ ವ್ಯತ್ಯಾಸ ಆ ಕಾಲಕ್ಕೆ ಸಣ್ಣದಲ್ಲ. 20ರಲ್ಲಿ ಕುದುರೆಯನ್ನೂ ಸಾಕಿ ತಾನೂ ಉಣ್ಣಬೇಕು ಅಂದರೆ, ಒಂದೋ ಕುದುರೆ ಒಣಗುತ್ತದೆ, ಇಲ್ಲ ಸವಾರ ಸಾಲಕ್ಕೆ ಬೀಳುತ್ತಾನೆ. ಹೊಟ್ಟೆ ತುಂಬಿದ ಕುದುರೆ ಇದ್ದರೆ ಮಾತ್ರ ರಾತ್ರಿ ನಲವತ್ತು ಮೈಲಿ ಗಸ್ತು. ಕೋಟೆ ಬಿಟ್ಟು ಬಯಲಲ್ಲಿ ಇರುತ್ತೇವೆ ಅನ್ನೋ ಧೈರ್ಯ ಬಂದದ್ದು ಆ ಹೊಟ್ಟೆಯಿಂದ.

ಇನ್ನೊಬ್ಬರ ಕುದುರೆ ಮೇಲೆ ಕೂತು ದುಡಿಯುವವನಿಗೆ ಬಾರಗೀರ ಅಂತಾರೆ. ಕುದುರೆಯ ಒಡೆಯ ಸಂಬಳದ ಒಂದು ಪಾಲು ಹಿಡಿದುಕೊಳ್ಳುತ್ತಾನೆ. ಈಗಿನ ಆಟೋ ಬಾಡಿಗೆ ಲೆಕ್ಕದ ಹಾಗೆಯೇ. ಪಡೆಯಲ್ಲಿ ಒಂದು ಕುದುರೆ ಇಡುವ ಹಕ್ಕಿಗೆ ಅಸಾಮಿ ಅನ್ನುತ್ತಿದ್ದರು.

ಧಾರವಾಡ_ಪೇಡೆ:
ಅಸಾಮಿ! ನಾವು 'ಏನ್ ಆಸಾಮಿ ರೀ ಅಂವಾ' ಅಂತೀವಲ್ಲ, ಅದೇ ಶಬ್ದ. ಹೆಸರು ಪಟ್ಟಿಯಲ್ಲಿ ಇರುವವನು ಅಂತ ಅರ್ಥ, ಕಂದಾಯದ ಕಾಗದದಲ್ಲೂ ಇತ್ತು. ಕೊನೆಗೆ ನಮ್ಮ ಬಾಯಲ್ಲಿ ಸುಮ್ನೆ 'ಮನುಷ್ಯ' ಆಗಿ ಕೂತಿದೆ. ದಫೇದಾರನೂ ಹಾಗೇ. ಮೂಲದಲ್ಲಿ ಕುದುರೆಪಡೆಯ ಹುದ್ದೆ. ಈಗ ಡಿಸಿ ಸಾಹೇಬರ ಬಾಗಿಲ ಮುಂದೆ ರುಮಾಲು ಸುತ್ತಿ ನಿಂತಿರುತ್ತಾರೆ.

ಸಿಲ್ಲೇದಾರರು ನಮ್ಮಲ್ಲೂ ಇದ್ದರು. ಹೈದರ್, ಟಿಪ್ಪು ಕಾಲದಲ್ಲಿ ಇದ್ದರು, ಆಮೇಲೆ ಒಡೆಯರ ಹತ್ತಿರ. 1803ರಲ್ಲಿ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಮೈಸೂರಿನ ಸಿಲ್ಲೇದಾರರು ಜೊತೆಗೆ ಹೋಗಿದ್ದರು. 1807ರ ಕರಾರಿನಲ್ಲಿ ಮೈಸೂರು ರಾಜ್ಯ 4,000 ಸವಾರರನ್ನು ಇಟ್ಟುಕೊಂಡಿರಲೇಬೇಕು ಅಂತ ಬರೆಸಿಕೊಂಡರು. ಜೇಕಬ್ ಈ ಪದ್ಧತಿಯನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ಇದ್ದದ್ದನ್ನು ಹದಕ್ಕೆ ತಂದ, ಅಷ್ಟೇ.

ನಕಾಶೆಯವರೇ, ಇನ್ನೊಂದು ಮಾತು. ನೀವು ಅವನನ್ನು 'ಬ್ರಿಟಿಷ್ ಆರ್ಮಿ' ಅಂತ ಬರೆಯದೆ ಕಂಪನಿ ಅಂತ ಬರೆದದ್ದು ಚಲೋ ಆಯಿತು. ರಾಣಿಯ ಸೈನ್ಯ ಬೇರೆ, ಕಂಪನಿಯ ಸೈನ್ಯ ಬೇರೆ. ಕಂಪನಿಯಲ್ಲೂ ಬಂಗಾಳ, ಮದ್ರಾಸ್, ಬಾಂಬೆ ಅಂತ ಮೂರು. ಇವನು ಬಾಂಬೆಯವನು. ಸಿಂಧ್ 1847ರಿಂದ 1936ರ ತನಕ ಬಾಂಬೆ ಪ್ರಾಂತ್ಯದ ಕೆಳಗಿತ್ತು. ಬೆಳಗಾವಿ, ಧಾರವಾಡವೂ ಅದೇ ಪ್ರಾಂತ್ಯದಲ್ಲಿದ್ದವು. ಅಂದರೆ ಆ 89 ವರ್ಷ ಜೇಕಬಾಬಾದ್‌ಗೂ ನಮಗೂ ಒಬ್ಬನೇ ಗವರ್ನರ್!

ಕಾಫಿ_ಪುಡಿ:
ಮೇಡಂ, ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ನಾನು ಹಿಸ್ಟರಿಯಲ್ಲಿ ಪಾಸಾಗುತ್ತಿದ್ದೆ. ನೇಪಿಯರ್ ಅನ್ನೋ ಹೆಸರು ಎಲ್ಲೋ ಕೇಳಿದ್ದೆ, 'ಪೆಕ್ಕಾವಿ' ಅಂತ ತಂತಿ ಕಳಿಸಿದ್ದ ಅಲ್ವಾ? ಅವನಿಗೂ ಇವನಿಗೂ ಏನು?

ಧಾರವಾಡ_ಪೇಡೆ:
ಸಿಂಧ್ ಗೆದ್ದ ಜನರಲ್ ಈ ನೇಪಿಯರ್. ತಂತಿ ಕಳಿಸಲಿಲ್ಲಪ್ಪ. ಪೆಕ್ಕಾವಿ ಅಂದರೆ ಲ್ಯಾಟಿನ್‌ನಲ್ಲಿ 'ನಾನು ಪಾಪ ಮಾಡಿದೆ'. ಅದನ್ನೇ ಇಂಗ್ಲಿಷ್‌ನಲ್ಲಿ 'ಐ ಹ್ಯಾವ್ ಸಿನ್ಡ್' ಅಂತ ಹೇಳಿದರೆ 'ನನ್ನ ಹತ್ತಿರ ಸಿಂಧ್ ಇದೆ' ಅಂತಲೂ ಕೇಳಿಸುತ್ತದೆ. 1844ರಲ್ಲಿ ಲಂಡನ್ನಿನ ಪಂಚ್ ಪತ್ರಿಕೆಯಲ್ಲಿ ಬಂದ ಹಾಸ್ಯ ಅದು. ಮಾಡಿದ್ದು ಕ್ಯಾಥರೀನ್ ವಿಂಕ್‌ವರ್ತ್ ಎಂಬ ಹುಡುಗಿ ಅಂತಾರೆ.

ಪಾಪ ಮಾತ್ರ ನಿಜ. 1843ರ ಫೆಬ್ರವರಿ 17ರಂದು ಮಿಯಾನಿಯಲ್ಲಿ ಯುದ್ಧ, ಮಾರ್ಚ್‌ನಲ್ಲಿ ಹೈದರಾಬಾದ್ ಹತ್ತಿರ ಇನ್ನೊಂದು. ಸಿಂಧ್‌ನ ಹೈದರಾಬಾದ್ ಮತ್ತೆ! ಅಲ್ಲಿನ ಮೀರ್‌ಗಳ ರಾಜ್ಯ ಹೋಯಿತು. ಜೇಕಬ್ ಎರಡರಲ್ಲೂ ನೇಪಿಯರ್ ಕೆಳಗೆ ಕುದುರೆಪಡೆ ನಡೆಸಿದ. ನೇಪಿಯರ್ ಅವನನ್ನು ಬಹಳ ಹೊಗಳಿದ. ಆದರೆ ಔಟ್ರಮ್ 'ಇದು ಅನ್ಯಾಯ' ಅಂತ ಎದ್ದು ನಿಂತ, ತನ್ನ ಪಾಲಿನ ಲೂಟಿ ಹಣವನ್ನು ಧರ್ಮಕಾರ್ಯಕ್ಕೆ ಕೊಟ್ಟುಬಿಟ್ಟ. ಜೇಕಬ್ ಔಟ್ರಮ್ ಕಡೆ ಸೇರಿದ. ಅಲ್ಲಿಂದ ನೇಪಿಯರ್‌ಗೂ ಅವನಿಗೂ ಕಾಗದದ ಜಗಳ ವರ್ಷಗಟ್ಟಲೆ.

ಮೂಡಬಿದ್ರೆ_ಮಳೆ:
ಅನ್ಯಾಯ ಅಂತ ಗೊತ್ತಿದ್ದವ ಅದೇ ಅನ್ಯಾಯದ ನೆಲವನ್ನು ಸಾಯುವವರೆಗೆ ಕಾದ. ಇದು ಹೇಗೆ ಸರಿ ಹೋಗುತ್ತದೆ ಅಂತ ಯಾರಾದರೂ ಹೇಳಿ.

ನಕಾಶೆ_ಹುಚ್ಚ:
ಸರಿ ಹೋಗುವುದಿಲ್ಲ. ಅವನ ಬರವಣಿಗೆ ಓದಿದರೆ ಒಂದು ವಿಚಿತ್ರ ನಂಬಿಕೆ ಕಾಣುತ್ತದೆ. ಇಂಗ್ಲಿಷರು ಬುದ್ಧಿಯಲ್ಲಿ, ನಡತೆಯಲ್ಲಿ ಮೇಲು, ಆದ್ದರಿಂದ ಆಳಬೇಕು ಅಂತ. ಅದನ್ನು ಅವನು ಮುಚ್ಚಿಡಲಿಲ್ಲ. 800 ಸವಾರರ ರೆಜಿಮೆಂಟಿಗೆ ಬೆರಳೆಣಿಕೆಯ ಬಿಳಿ ಅಧಿಕಾರಿಗಳು ಸಾಕು ಅಂದದ್ದೂ ಅದೇ ಜಂಬದಿಂದ. ಹಾಗಾಗಿಯೇ ದೈನಂದಿನ ಕೆಲಸವೆಲ್ಲ ರಿಸಾಲ್ದಾರ್, ಜಮಾದಾರರ ಕೈಯಲ್ಲಿ ಬಂತು. ಜಂಬದಿಂದ ಹುಟ್ಟಿದ ಪದ್ಧತಿಯಲ್ಲಿ ದೇಶಿ ಅಧಿಕಾರಿಗೆ ಬಂಗಾಳದ ಕಡೆಗಿಂತ ಜಾಸ್ತಿ ಅಧಿಕಾರ ಸಿಕ್ಕಿತು.

1857ರ ಮುಂಚೆ ಅವನು ಬಂಗಾಳ ಸೈನ್ಯದ ಬಗ್ಗೆ ಬರೆದದ್ದು ಇದಕ್ಕೇ ಸಂಬಂಧಿಸಿದ್ದು. ಅಲ್ಲಿ ಅಧಿಕಾರಿಗೂ ಸಿಪಾಯಿಗೂ ಪರಿಚಯವೇ ಇಲ್ಲ, ಶಿಸ್ತು ಕಾಗದದ ಮೇಲೆ ಮಾತ್ರ, ನಮ್ಮ ರಾಜ್ಯಕ್ಕೆ ದೊಡ್ಡ ಅಪಾಯ ಆ ಸೈನ್ಯದಲ್ಲೇ ಇದೆ ಅಂತ ಅಚ್ಚು ಹಾಕಿಸಿ ಹಂಚಿದ. ಸರ್ಕಾರ ಅವನಿಗೇ ಛೀಮಾರಿ ಹಾಕಿತು. ದಂಗೆ ಎದ್ದಾಗ ಅವನು ಪರ್ಷಿಯಾದ ಬುಶೆಹರ್‌ನಲ್ಲಿದ್ದ. ಅಲ್ಲಿನ ಯುದ್ಧದಲ್ಲಿ ಔಟ್ರಮ್ ಕೆಳಗೆ ಕುದುರೆಪಡೆ ನೋಡಿಕೊಳ್ಳಲು ಹೋಗಿದ್ದ. ಜನರಲ್ ಸ್ಟಾಕರ್ ಮತ್ತು ನೌಕಾಪಡೆಯ ಎಥರ್ಸಿ ಇಬ್ಬರೂ ಕೆಲವೇ ದಿನಗಳ ಅಂತರದಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಬುಶೆಹರ್‌ನ ಹೊಣೆ ಇವನ ಮೇಲೆ ಬಿತ್ತು. ಇತ್ತ ಜೇಕಬಾಬಾದ್‌ನಲ್ಲಿ ಸಿಂಧ್ ಹಾರ್ಸ್ ಏಳಲಿಲ್ಲ. ಅದರ ಸವಾರರಲ್ಲಿ ಹೆಚ್ಚಿನವರು ಹಿಂದೂಸ್ತಾನದ ಮುಸಲ್ಮಾನರು. ಅವರ ಊರುಗಳ ಕಡೆಯಲ್ಲೇ ದಂಗೆ ಹೊತ್ತಿ ಉರಿಯುತ್ತಿತ್ತು.

ಸುರಪುರದ_ಹುಡುಗ:
ಸುರಪುರದವನಾಗಿ ಸುಮ್ಮನಿರಲು ಆಗುತ್ತಿಲ್ಲ. ನಮ್ಮಲ್ಲಿ ಮೆಡೋಸ್ ಟೇಲರ್ ಇದ್ದ. ಅವನೂ ಬ್ರಿಟಿಷ್ ಸೈನ್ಯದವನಲ್ಲ, ನಿಜಾಮರ ಪಡೆಯವನು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ನೋಡಿದ. ರಾಜಾ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ಜನ ಅವನನ್ನು 'ಮಹಾದೇವ ಬಾಬಾ' ಅಂತ ಕರೆಯುತ್ತಿದ್ದರು. ಅದೇ ಹುಡುಗ ದೊಡ್ಡವನಾಗಿ 1858ರಲ್ಲಿ ಬ್ರಿಟಿಷರ ಮೇಲೆ ಎದ್ದ, ಸೆರೆಯಾದ, ಅದೇ ವರ್ಷ ತೀರಿಕೊಂಡ.

ನಮ್ಮೂರಲ್ಲಿ ಇಬ್ಬರ ನೆನಪೂ ಇದೆ. ಒಂದೇ ಮನೆಯಲ್ಲಿ ಅಜ್ಜ ಟೇಲರ್ ಸಾಹೇಬನ ಬಾವಿ, ಕೆರೆ ಕಥೆ ಹೇಳುತ್ತಾರೆ, ಮೊಮ್ಮಗ ವೆಂಕಟಪ್ಪ ನಾಯಕನ ಜಯಂತಿಗೆ ಬ್ಯಾನರ್ ಕಟ್ಟುತ್ತಾನೆ. ಹೊರಗಿನವರಿಗೆ ಇದು ಗೊಂದಲ. ನಮಗೆ ಅಲ್ಲ. ಅದಕ್ಕೇ ಕೇಳುವುದು, ಜೇಕಬಾಬಾದ್‌ನಲ್ಲಿ ಅವನ ನೆನಪು ಹೇಗಿದೆ?

ನಕಾಶೆ_ಹುಚ್ಚ:
ಗೋರಿ ಇದೆ. ಬಹಳ ಕಾಲ ಅಲ್ಲಿನ ಜನ ಅದನ್ನು ಪೀರರ ಗೋರಿ ಹಾಗೆ ನೋಡುತ್ತಿದ್ದರು, ದೀಪ ಹಚ್ಚುತ್ತಿದ್ದರು. ಅವನು ಸತ್ತಾಗ ಸಾವಿರಾರು ಜನ ಸೇರಿದ್ದರು.

ನನಗನ್ನಿಸುವುದು, ಅದಕ್ಕೆ ಕಾರಣ ಕತ್ತಿಯಲ್ಲ, ನೀರು. ಸಿಂಧೂ ನದಿಯಿಂದ ಬರುವ ಬೇಗಾರಿ ಕಾಲುವೆಯನ್ನು ಅವನು ಅಗಲ ಮಾಡಿಸಿದ. ಹಳ್ಳಿಗಳು ಎದ್ದವು, ರಸ್ತೆ ಬಂತು, ಗಿಡ ನೆಟ್ಟರು. ನಾಲ್ಕು ಗುಡಿಸಲಿನ ಖಾನ್‌ಗಢ ಕೆಲವೇ ವರ್ಷಗಳಲ್ಲಿ ಪೇಟೆಯಾಯಿತು. 51 ಡಿಗ್ರಿಯ ಊರಲ್ಲಿ ನೀರು ತಂದವನನ್ನು ಜನ ಮರೆಯುವುದಿಲ್ಲ. ಬೆಟ್ಟದ ಮೇಲಿನ ಬುಗ್ತಿಗೆ ಆ ಕಾಲುವೆಯಿಂದ ಹನಿ ನೀರೂ ಸಿಗಲಿಲ್ಲ. ದೀಪ ಹಚ್ಚಿದವರು ಬಯಲಿನವರು. ಮೂಡಬಿದ್ರೆಯವರ ಪ್ರಶ್ನೆಗೆ ಇದೇ ನನ್ನ ಅರ್ಧ ಉತ್ತರ.

ಮೂಡಬಿದ್ರೆ_ಮಳೆ:
ಅರ್ಧ ಆದರೂ ಒಳ್ಳೆ ಅರ್ಧ. ತಗೊಂಡೆ.

ಮಾಜಿ_ಸವಾರ:
ಪಂಜಾಬ್ ಗಡಿಯ ಜೊತೆ ಹೋಲಿಸಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1849ರಲ್ಲಿ ಪಂಜಾಬ್ ಬ್ರಿಟಿಷರ ಕೈಗೆ ಬಂದ ಮೇಲೆ ಅಲ್ಲಿ ಬೇರೆ ರೀತಿ. ಒಬ್ಬ ಪಠಾಣ ಕದ್ದರೆ ಇಡೀ ಬುಡಕಟ್ಟಿಗೆ ದಂಡ. ಕೊಡದಿದ್ದರೆ ಸೈನ್ಯ ಹೋಗಿ ಹಳ್ಳಿ ಸುಟ್ಟು ಬರುವುದು. ಮುಂದಿನ ವರ್ಷ ಮತ್ತೆ ಅದೇ. ಜೇಕಬ್‌ಗೆ ಇದು ಸೇರುತ್ತಿರಲಿಲ್ಲ. ತಪ್ಪು ಮಾಡಿದವನನ್ನೇ ಹಿಡಿಯಬೇಕು, ಊರಿಗೆಲ್ಲ ಶಿಕ್ಷೆ ಕೊಟ್ಟರೆ ಊರೆಲ್ಲ ಶತ್ರು ಅನ್ನುತ್ತಿದ್ದ.

ಆದರೆ ನಕಾಶೆ ನೋಡಿ. ಜೇಕಬ್ ಎದುರಿಗೆ ಇದ್ದದ್ದು ಕಚ್ಚಿಯ ಬಯಲು, ಜೇಕಬಾಬಾದ್‌ನಿಂದ ಸೀಬಿವರೆಗೆ 150 ಕಿಲೋಮೀಟರ್ ಹತ್ತಿರ ನೀರಿಲ್ಲದ ನೆಲ. ಯಾರು ಬಂದರೂ ಕುದುರೆಗೆ ಸಿಕ್ಕುತ್ತಾರೆ. ಪೇಶಾವರದಲ್ಲಿ ಬೆಟ್ಟ ಊರಿನ ಬೆನ್ನಿಗೇ ಇದೆ. ಬಯಲಲ್ಲಿ ಗೆದ್ದವನು ಬೆಟ್ಟದಲ್ಲೂ ಗೆಲ್ಲುತ್ತಿದ್ದ ಅಂತ ನಾನು ಹೇಳಲಾರೆ. ಇನ್ನು ಬಲೂಚಿ ಬುಡಕಟ್ಟುಗಳ ಮೇಲೆ ಕಲಾತ್‌ನ ಖಾನ್ ಅಂತ ಒಬ್ಬ ಒಡೆಯನಿದ್ದ. ಮಾತಾಡಲು ಒಂದು ಬಾಗಿಲು ಇತ್ತು. ಪಠಾಣರಲ್ಲಿ ಹಾಗೆ ಒಬ್ಬನೇ ಒಡೆಯ ಎಲ್ಲಿ?

ನಕಾಶೆ_ಹುಚ್ಚ:
ಹೌದು ಸರ್, ಆ ಬಾಗಿಲನ್ನು ಜೇಕಬ್ ಚೆನ್ನಾಗಿ ಬಳಸಿಕೊಂಡ. 1854ರಲ್ಲಿ ಕಲಾತ್‌ನ ನಾಸಿರ್ ಖಾನ್ ಜೊತೆ ಕರಾರು ಮಾಡಿಸಿದ. ಖಾನನಿಗೆ ವರ್ಷಕ್ಕೆ 50,000 ರೂಪಾಯಿ. ಬದಲಿಗೆ ಅವನು ತನ್ನ ಬುಡಕಟ್ಟುಗಳನ್ನು ಹಿಡಿತದಲ್ಲಿ ಇಡಬೇಕು, ವ್ಯಾಪಾರಿಗಳಿಗೆ ದಾರಿ ಕೊಡಬೇಕು, ಬೇಕಾದರೆ ಬ್ರಿಟಿಷ್ ಸೈನ್ಯಕ್ಕೆ ಜಾಗ ಕೊಡಬೇಕು. 1856ರಲ್ಲಿ ಕ್ವೆಟ್ಟಾ ಹಿಡಿಯಿರಿ ಅಂತ ಗವರ್ನರ್ ಜನರಲ್ ಕ್ಯಾನಿಂಗ್‌ಗೆ ಬರೆದ. ಆಗ ಯಾರೂ ಕೇಳಲಿಲ್ಲ. 20 ವರ್ಷ ಆದಮೇಲೆ ರಾಬರ್ಟ್ ಸ್ಯಾಂಡಮನ್ ಎಂಬ ಇನ್ನೊಬ್ಬ ಗಡಿ ಅಧಿಕಾರಿ ಅದನ್ನೇ ಮಾಡಿದ. ಒಳ್ಳೆಯ ಕಾವಲುಗಾರನಿಗೂ ಕೊನೆಗೆ ಗಡಿ ಮುಂದೆ ತಳ್ಳುವ ಆಸೆ ಬಂತು ನೋಡಿ.

ಗಡಿಯಾರ_ರಿಪೇರಿ:
ನಾನು ಇತಿಹಾಸದವನಲ್ಲ, ವಾಚ್ ರಿಪೇರಿ ಅಂಗಡಿ. ಈ ಸಾಹೇಬ ಗಡಿಯಾರ ಮಾಡಿದ್ದ ಅಂತ ಎಲ್ಲೋ ನೋಡಿದ್ದೆ. ನಿಜವಾ?

ನಕಾಶೆ_ಹುಚ್ಚ:
ನಿಜ ಅಣ್ಣ. ಅವನ ಮನೆಯಲ್ಲಿ ದೊಡ್ಡ ಲೈಬ್ರರಿ, ಜೊತೆಗೆ ವರ್ಕ್‌ಶಾಪ್ ಇತ್ತು. ಗಡಿಯಾರವನ್ನು ತಾನೇ ಯೋಚಿಸಿ ತಾನೇ ಕಟ್ಟಿದ. ಗಂಟೆ ಮಾತ್ರವಲ್ಲ, ತಾರೀಖು, ಚಂದ್ರ ಎಷ್ಟು ಬೆಳೆದಿದ್ದಾನೆ ಅನ್ನುವುದನ್ನೂ ತೋರಿಸುತ್ತದೆ. ಈಗ ಅದು ಅಲ್ಲಿನ ಡೆಪ್ಯುಟಿ ಕಮಿಷನರ್ ಬಂಗಲೆಯಲ್ಲಿದೆ. ತೂಕದ ಗುಂಡುಗಳು ನೆಲದೊಳಗಿನ ಬಾವಿಯಂಥ ಗುಂಡಿಗೆ ಇಳಿಯುತ್ತವೆ.

ಗಡಿಯಾರ_ರಿಪೇರಿ:
ಆಹಾ. ತೂಕದ ಗಡಿಯಾರ ಅಂದರೆ ಸ್ಪ್ರಿಂಗ್ ಇಲ್ಲ. ಗುಂಡು ಕೆಳಗಿಳಿಯುವ ಬಲದಲ್ಲೇ ಚಕ್ರ ತಿರುಗಬೇಕು. ಹೆಚ್ಚು ಆಳ ಇಳಿದಷ್ಟೂ ಹೆಚ್ಚು ದಿನ ನಡೆಯುತ್ತದೆ, ಕೀ ಕೊಡುವ ಕೆಲಸ ಕಡಿಮೆ. ಚರ್ಚಲ್ಲಾದರೆ ಗೋಪುರ ಇರುತ್ತೆ, ಬಂಗಲೆಯಲ್ಲಿ ಗೋಪುರ ಇಲ್ಲ, ಅದಕ್ಕೇ ಬಾವಿ ತೋಡಿದ್ದಾನೆ. ಜಾಣ. ಆದರೆ ಆ ಬಿಸಿಲಲ್ಲಿ ಪೆಂಡುಲಮ್ ಕಡ್ಡಿ ಹಿಗ್ಗುತ್ತೆ, ಗಡಿಯಾರ ನಿಧಾನ ಆಗುತ್ತೆ. ಚಳಿಗಾಲದಲ್ಲಿ ಉಲ್ಟಾ. ಅದಕ್ಕೆ ಏನು ಮಾಡಿದ್ದ ಅಂತ ಒಮ್ಮೆ ಬಿಚ್ಚಿ ನೋಡಬೇಕು. ವೀಸಾ ಯಾರು ಕೊಡ್ತಾರೆ?

ಕಾಫಿ_ಪುಡಿ:
ಅಣ್ಣನಿಗೆ ವೀಸಾ ಕೊಡಿಸಿ ಯಾರಾದ್ರೂ. ಇಷ್ಟು ಹೊತ್ತಿನಲ್ಲಿ ನನಗೆ ಮೊದಲ ಸಲ ಈ ಜೇಕಬ್ ಇಷ್ಟ ಆದ.

ಮಾಜಿ_ಸವಾರ:
ಇಷ್ಟ ಆಗುವ ಮೊದಲು ಅವನ ಬಂದೂಕಿನ ಕಥೆಯನ್ನೂ ಕೇಳಿ. ಅದೇ ವರ್ಕ್‌ಶಾಪಿನ ಕೈ. ಎರಡು ನಳಿಗೆಯ ರೈಫಲ್ ರೂಪಿಸಿದ, ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾಡಿಸಿದ. 2,000 ಗಜ ದೂರಕ್ಕೆ ಅಂತ ಅದರ ಮೇಲೆ ಗುರುತು. ಗುಂಡು ಬರೀ ಸೀಸವಲ್ಲ, ತುದಿಯಲ್ಲಿ ಸಿಡಿಮದ್ದು. ತಗುಲಿದ ಕಡೆ ಸಿಡಿಯುತ್ತದೆ. ದೂರದಿಂದಲೇ ಶತ್ರುವಿನ ಮದ್ದಿನ ಗಾಡಿಗೆ ಬೆಂಕಿ ಹಚ್ಚಬೇಕು ಅನ್ನುವುದು ಅವನ ಯೋಚನೆ. ಇದಕ್ಕಾಗಿ 1858ರಲ್ಲಿ ಜೇಕಬ್ಸ್ ರೈಫಲ್ಸ್ ಅಂತ ಹೊಸ ಪಡೆಯನ್ನೇ ಕಟ್ಟಿದರು. ಅದೇ ವರ್ಷ ಅವನು ಸತ್ತ. ಹತ್ತು ವರ್ಷದ ನಂತರ, 1868ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ದೇಶಗಳೆಲ್ಲ ಸೇರಿ 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಯುವ ಗುಂಡು ಬೇಡ ಅಂತ ಒಪ್ಪಿದವು. ಮನುಷ್ಯನ ಮೈಗೆ ಅದು ಮಾಡುವ ಗಾಯ ಅಂಥದ್ದು.

ಗಡಿಯಾರ_ರಿಪೇರಿ:
ನಾನು ಗಡಿಯಾರದ ಬಗ್ಗೆ ಮಾತ್ರ ಕೇಳಿದ್ದೆ ಸರ್.

ಕಾಕ್ಸ್‌ಟೌನ್_ಕಿಟಕಿ:
ತಡವಾಗಿ ಬಂದೆ, ಎಲ್ಲ ಓದಿದೆ. ನಮ್ಮ ಎದುರು ಮನೆಯಲ್ಲಿ ಸಿಂಧಿ ಅಜ್ಜಿ ಇದ್ದಾರೆ. ಶಿಕಾರ್‌ಪುರದಲ್ಲಿ ಹುಟ್ಟಿದವರು, 1947ರಲ್ಲಿ ಒಂಬತ್ತು ವರ್ಷದವರಾಗಿದ್ದಾಗ ಬಿಟ್ಟು ಬಂದವರು. ಜೇಕಬಾಬಾದ್ ಅಲ್ಲಿಂದ 40 ಕಿಲೋಮೀಟರ್ ಅಲ್ವಾ? ಇವತ್ತು ಸಂಜೆ ಹಾಲು ತರಲು ಹೋದಾಗ ಕೇಳಿಬಿಟ್ಟೆ.

ಜೇಕಬಾಬಾದ್ ಅಂದ ಕೂಡಲೇ ಮುಖ ಅರಳಿತು. ಅಲ್ಲಿ ಚಳಿಗಾಲದಲ್ಲಿ ಕುದುರೆ ಜಾತ್ರೆ ಆಗುತ್ತಿತ್ತಂತೆ, ಅವರಪ್ಪ ಹೋಗಿ ಬರುತ್ತಿದ್ದರಂತೆ. ಒಂದು ಸಲ ಇವರನ್ನೂ ಕರೆದುಕೊಂಡು ಹೋಗಿದ್ದರಂತೆ. ಧೂಳು, ಬಲೂಚಿಗಳ ದೊಡ್ಡ ಪಗಡಿ, ಕುದುರೆಯ ಕಾಲಿಗೆ ಕಟ್ಟಿದ ಗೆಜ್ಜೆ, ಇಷ್ಟು ನೆನಪಿದೆಯಂತೆ. 'ಆ ಊರಿಗೆ ಹೆಸರು ಕೊಟ್ಟ ಜೇಕಬ್ ಸಾಹೇಬನ ಗೋರಿ ನೋಡಿದ್ರಾ ಅಜ್ಜಿ?' ಅಂದೆ. 'ಯಾವ ಸಾಹೇಬ?' ಅಂತ ನನ್ನನ್ನೇ ಕೇಳಿದರು. ಜೇಕಬ್ ಅನ್ನುವುದು ಮನುಷ್ಯನ ಹೆಸರು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಊರಿನ ಹೆಸರು ಅಷ್ಟೇ.

ಆಮೇಲೆ ಒಳಗೆ ಕೂರಿಸಿ ಥಾದಲ್ ಕೊಟ್ಟರು. ಬಾದಾಮಿ, ಗಸಗಸೆ, ಸೋಂಪು ಅರೆದು ಮಾಡುವ ತಂಪು. ಅಲ್ಲಿಯ ಬಿಸಿಲಿಗೆ ಇದೇ ಔಷಧ ಅಂದರು.

ನಕಾಶೆ_ಹುಚ್ಚ:
ಎರಡು ತಿಂಗಳು ಓದಿದವನಿಗೆ ಅಜ್ಜಿ ಒಂದೇ ಪ್ರಶ್ನೆಯಲ್ಲಿ ಬಿಡಿಸಿ ಹೇಳಿದರು, ಹೆಸರು ಹೇಗೆ ಉಳಿಯಿತು ಅಂತ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಥಾದಲ್‌ಗೆ ಗಸಗಸೆ ಎಷ್ಟು ಹೊತ್ತು ನೆನೆಸಬೇಕು, ಕೇಳಿ ಹಾಕ್ತೀರಾ?

ಕಾಕ್ಸ್‌ಟೌನ್_ಕಿಟಕಿ:
ರಾತ್ರಿಯೆಲ್ಲ ನೆನೆಸಬೇಕಂತೆ. ಬಾದಾಮಿಯ ಸಿಪ್ಪೆ ತೆಗೆಯಲು ಮರೆಯಬೇಡಿ ಅಂದರು.